ಕಾರು ಯಾಕೆ ನಡುಗಿತು?

ಅದು 2023ರ ಸೆಪ್ಟೆಂಬರ್ ತಿಂಗಳು. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಬೆಳಗಿನ ಆರು ಗಂಟೆ. ಮಡಿಕೇರಿ ತುಂಬ ಮಂಜು.

ನಾವು ಮೈಸೂರಿಗೆ ಹೊರಟೆವು. ನಮ್ಮತ್ತೆಗೆ ಅಲ್ಲಿ ಕಣ್ಣಿನ ಆಪರೇಷನ್ ಇತ್ತು. ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ಇರಬೇಕು ಅಂತ ಹೇಳಿದ್ದರು. ಕಾರು ನಮ್ಮ ಭಾವನದು. ಹಳೇ ಮಾರುತಿ 800. ಮುಂದೆ ಭಾವ ಮತ್ತು ಅತ್ತೆ. ಹಿಂದೆ ನಾನು ಮತ್ತು ನೆರೆಮನೆಯ ಅಕ್ಕ. ಈ ಅಕ್ಕ ತೋಟದ ಕೆಲಸಕ್ಕೆ ಹೋಗುವವರು. ರಾತ್ರಿ ನಮ್ಮ ಕಲಿಕಾ ಕೇಂದ್ರಕ್ಕೆ ಬಂದು ಓದು ಕಲಿತವರು. ನಿಮ್ಮ ಹಾಗೆಯೇ.

ಮಡಿಕೇರಿಯಿಂದ ಸುಂಟಿಕೊಪ್ಪ. ಅಲ್ಲಿಂದ ಕುಶಾಲನಗರ. ದಾರಿ ತುಂಬ ತಿರುವು, ಇಳಿಜಾರು. ಕಾರು 30, 40ರ ವೇಗದಲ್ಲೇ ಹೋಗಬೇಕು. ಅಲ್ಲಿಯವರೆಗೆ ಏನೂ ತೊಂದರೆ ಇಲ್ಲ.

ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದೆವು. ಕೊಡಗು ಮುಗಿಯಿತು. ಮೈಸೂರು ಜಿಲ್ಲೆ ಶುರುವಾಯಿತು. ಬೈಲಕುಪ್ಪೆ ಕಳೆದ ಮೇಲೆ ರಸ್ತೆ ನೇರ. ಭಾವ ವೇಗ ಹೆಚ್ಚಿಸಿದರು. 60, 70, ಆಮೇಲೆ 80.

ಆಗ ಸ್ಟೇರಿಂಗ್ ನಡುಗತೊಡಗಿತು. ಭಾವನ ಕೈ ಎರಡೂ ಗಡಗಡ.

"ಏನಾಯ್ತು?" ಅತ್ತೆ ಕೇಳಿದರು.

"ಏನಿಲ್ಲ. ಹಳೇ ಗಾಡಿ ಅಲ್ವಾ? ನೂರಕ್ಕೆ ಹೋದ್ರೆ ನಿಲ್ತದೆ," ಅಂದರು ಭಾವ.

ಹಿಂದಿನಿಂದ ಅಕ್ಕ ಹೇಳಿದರು: "ಬೇಡ ಅಣ್ಣಾ, ನಿಲ್ಸಿ. ಬೀಸೋ ಕಲ್ಲು ಅಲ್ಲಾಡಿದ್ರೆ ಗೂಟ ನೋಡ್ತೇವೆ. ಇನ್ನೂ ಜೋರಾಗಿ ಬೀಸ್ತೇವಾ?"

ಭಾವನಿಗೆ ಸ್ವಲ್ಪ ಸಿಟ್ಟು ಬಂತು. ಆದರೂ ರಸ್ತೆ ಬಿಟ್ಟು ಬದಿಗೆ ನಿಲ್ಲಿಸಿದರು. ಹ್ಯಾಂಡ್ ಬ್ರೇಕ್ ಎಳೆದರು. ಅಕ್ಕ ಒಂದು ಕಲ್ಲು ತಂದು ಹಿಂದಿನ ಚಕ್ರಕ್ಕೆ ಒತ್ತು ಕೊಟ್ಟರು.

ಮೊದಲು ನೋಡಿದ್ದು ನಟ್ಟುಗಳನ್ನು. ಚಕ್ರವನ್ನು ಹಿಡಿದಿರುವುದು ಈ ನಟ್ಟುಗಳೇ. ಒಂದು ಸಡಿಲವಾದರೂ ಚಕ್ರ ನಡುಗುತ್ತದೆ. ಹಾಗೇ ಓಡಿಸಿದರೆ ಚಕ್ರವೇ ಕಳಚಿ ಹೋಗಬಹುದು. ನಾಲ್ಕೂ ಚಕ್ರದ ನಟ್ಟು ಬಿಗಿಯಾಗಿತ್ತು.

ಆಮೇಲೆ ಮುಂದಿನ ಚಕ್ರದ ಒಳಬದಿಗೆ ಬಗ್ಗಿ ನೋಡಿದೆವು. ಅಲ್ಲಿತ್ತು ನೋಡಿ ಕೆಂಪು ಮಣ್ಣು! ಹಿಂದಿನ ದಿನ ತೋಟದ ದಾರಿಯಲ್ಲಿ ಕಾರು ಹೂತಿತ್ತಂತೆ. ಭಾವ ಹೊರಗಿನಿಂದ ಮಾತ್ರ ತೊಳೆದಿದ್ದರು. ಚಕ್ರದ ಕಬ್ಬಿಣದ ಬಳೆಗೆ ರಿಮ್ ಅನ್ನುತ್ತಾರೆ. ಆ ರಿಮ್ಮಿನ ಒಳಗೆ ಒಂದೇ ಕಡೆ ಮಣ್ಣು ಕೂತು, ಒಣಗಿ, ಕಲ್ಲಾಗಿತ್ತು.

"ಇಷ್ಟು ಮಣ್ಣಿಗೆ ಇಡೀ ಕಾರು ನಡುಗ್ತದಾ?" ಅತ್ತೆಗೆ ನಂಬಿಕೆ ಬರಲಿಲ್ಲ.

ನಡುಗುತ್ತದೆ. ಹೇಗೆ ಅಂತ ಹೇಳುತ್ತೇನೆ. ಮಕ್ಕಳು ಆಡುವ ಬುಗುರಿ ನೋಡಿದ್ದೀರಲ್ಲ? ಅದರ ಒಂದು ಬದಿಗೆ ಸ್ವಲ್ಪ ಜೇಡಿ ಮಣ್ಣು ಮೆತ್ತಿ ಆಡಿಸಿ. ಬುಗುರಿ ತೂಗಾಡುತ್ತದೆ. ಒಂದು ಬದಿ ಭಾರ, ಒಂದು ಬದಿ ಹಗುರ. ಚಕ್ರವೂ ಹಾಗೇ.

ಈ ಕಾರಿನ ಚಕ್ರ ಚಿಕ್ಕದು. 80ರ ವೇಗದಲ್ಲಿ ಅದು ಒಂದು ಸೆಕೆಂಡಿಗೆ ಸುಮಾರು 14 ಸುತ್ತು ಸುತ್ತುತ್ತದೆ. ನೀವು ಕಣ್ಣು ಮಿಟುಕಿಸಿ ತೆರೆಯುವುದರೊಳಗೆ ಮೂರು ನಾಲ್ಕು ಸುತ್ತು ಆಗಿರುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ರಿಮ್ಮಿಗೆ 50 ಗ್ರಾಂ ಮಣ್ಣು ಅಂಟಿದೆ ಅನ್ನೋಣ. ಒಂದು ಹಿಡಿಯೂ ಇಲ್ಲ. ಕಾರು 20ರ ವೇಗದಲ್ಲಿ ಹೋದಾಗ ಅದರ ಎಳೆತ ಅರ್ಧ ಕಿಲೋ ಭಾರದಷ್ಟೂ ಇಲ್ಲ. ಯಾರಿಗೂ ಗೊತ್ತಾಗುವುದಿಲ್ಲ. 80ಕ್ಕೆ ಹೋದಾಗ ಅದೇ ಮಣ್ಣು ಐದು ಕಿಲೋ ಭಾರದಷ್ಟು ಎಳೆಯುತ್ತದೆ. ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಸೆಕೆಂಡಿಗೆ 14 ಸಲ! ನಡುಗದೆ ಇರುತ್ತದಾ?

ಅದಕ್ಕೇ ನಮ್ಮ ಕೊಡಗಿನ ತಿರುವು ರಸ್ತೆಯಲ್ಲಿ ಈ ದೋಷ ಅಡಗಿರುತ್ತದೆ. ಬಯಲಿಗೆ ಇಳಿದ ಮೇಲೆ ಹೊರಗೆ ಬರುತ್ತದೆ.

ಇನ್ನು ಭಾವ ಹೇಳಿದ ಮಾತು. ನೂರಕ್ಕೆ ಹೋದರೆ ನಡುಕ ನಿಲ್ಲುತ್ತದೆ ಅಂತ ಎಷ್ಟೋ ಡ್ರೈವರುಗಳು ಹೇಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಮಾತ್ರ ಜೋರಾಗಿ ಆಡುತ್ತದೆ. ಹಾಗೆಯೇ ಕಾರಿಗೂ ಒಂದು ವೇಗದಲ್ಲಿ ನಡುಕ ಹೆಚ್ಚು. ಅದನ್ನು ದಾಟಿದರೆ ನಮ್ಮ ಕೈಗೆ ಕಡಿಮೆ ಅನ್ನಿಸುತ್ತದೆ. ಆದರೆ ಚಕ್ರದ ಮೇಲಿನ ಎಳೆತ ಕಡಿಮೆ ಆಗಿರುವುದಿಲ್ಲ. ಇನ್ನೂ ಹೆಚ್ಚಿರುತ್ತದೆ.

ಅಕ್ಕ ಒಂದು ಗಟ್ಟಿ ಕಡ್ಡಿ ತಂದರು. ಮಣ್ಣನ್ನೆಲ್ಲ ಕೆರೆದು ತೆಗೆದೆವು. ಮತ್ತೆ ಹೊರಟೆವು. ಭಾವ 80ಕ್ಕೆ ಹೋದರು. ಸ್ಟೇರಿಂಗ್ ತಣ್ಣಗಿತ್ತು. ಭಾವ ನಕ್ಕರು. "ಈಗ ಸರಿಯಾಯ್ತು."

"ಎಲ್ಲಿ ಸರಿಯಾಯ್ತು? ನನ್ನ ಸೀಟು ನಡುಗ್ತಾ ಉಂಟಲ್ಲ," ಅಂದರು ಅಕ್ಕ.

ನಾನೂ ಗಮನಿಸಿದೆ. ಹೌದು. ಕೆಳಗಿನಿಂದ ದಬದಬ ಅಂತ ಬಡಿಯುತ್ತಿತ್ತು. ಮುಂದೆ ಕೂತ ಭಾವನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ಇದನ್ನು ನೀವು ನೆನಪಿಡಬೇಕು. ನಡುಕ ಸ್ಟೇರಿಂಗಿನಲ್ಲಿ ಬಂದರೆ ದೋಷ ಹೆಚ್ಚಾಗಿ ಮುಂದಿನ ಚಕ್ರದಲ್ಲಿ. ಸೀಟು, ನೆಲ ನಡುಗಿದರೆ ಹೆಚ್ಚಾಗಿ ಹಿಂದಿನ ಚಕ್ರದಲ್ಲಿ. ಕಾರು, ಜೀಪು, ವ್ಯಾನುಗಳಲ್ಲಿ ಹಿಂದಿನ ಸೀಟಿಗೆ ಕೂರುವವರು ಯಾರು? ಹೆಚ್ಚಾಗಿ ನಾವು ಹೆಂಗಸರು, ಮಕ್ಕಳು. ಅಲ್ಲಿಯ ನಡುಕ ಡ್ರೈವರಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಹೇಳಿದರೆ, "ನಿಮಗೇನು ಗೊತ್ತು, ಸುಮ್ಮನಿರಿ" ಅನ್ನುತ್ತಾರೆ. ನನಗೂ ಎಷ್ಟೋ ಸಲ ಹಾಗೆ ಹೇಳಿದ್ದಾರೆ.

ಭಾವ ಆ ದಿನ ಹಾಗೆ ಹೇಳಲಿಲ್ಲ. ಮತ್ತೆ ಬದಿಗೆ ನಿಲ್ಲಿಸಿದರು. ಅಕ್ಕ ಹಿಂದಿನ ಎಡಗಡೆ ಟೈರ್ ಮೇಲೆ ಕೈ ಆಡಿಸಲು ಹೋದರು. ನಾನು ತಡೆದೆ. ಹಳೇ ಟೈರಿನಲ್ಲಿ ತಂತಿ ಹೊರಗೆ ಬಂದಿರಬಹುದು. ಕೈ ಸೀಳಿ ಹೋಗುತ್ತದೆ. ದಪ್ಪ ಬಟ್ಟೆ ಹಿಡಿದು ಮೆಲ್ಲಗೆ ಮುಟ್ಟಬೇಕು. ಅಕ್ಕ ಬಟ್ಟೆ ಸುತ್ತಿಕೊಂಡು ಮುಟ್ಟಿದರು. ಒಂದು ಕಡೆ ಕೈ ಮೇಲೆದ್ದಿತು. ಟೈರ್ ಅಲ್ಲಿ ಊದಿಕೊಂಡಿತ್ತು, ಪೂರಿಯ ಹಾಗೆ.

ಟೈರ್ ಅಂದರೆ ಬರೀ ರಬ್ಬರ್ ಅಲ್ಲ. ಒಳಗೆ ದಾರದ ಪದರ, ಉಕ್ಕಿನ ತಂತಿಯ ಪದರ ಇರುತ್ತವೆ. ಗುಂಡಿಗೆ ಬಿದ್ದು ದಾರ ಹರಿದರೆ ಟೈರಿನ ಪಕ್ಕ ಊದುತ್ತದೆ. ಟೈರ್ ಹಳತಾಗಿ ಪದರ ಬಿಟ್ಟರೆ ರಸ್ತೆಗೆ ತಾಗುವ ಭಾಗ ಊದುತ್ತದೆ. ಹೊಲಿಗೆ ಬಿಟ್ಟ ಫುಟ್‌ಬಾಲ್ ನೋಡಿ. ಒಳಗಿನ ಬ್ಲಾಡರ್ ಅಲ್ಲಿಂದ ಉಬ್ಬುತ್ತದಲ್ಲ, ಹಾಗೆ. ಇದಕ್ಕೆ ಔಷಧಿ ಇಲ್ಲ. ಮಣ್ಣನ್ನು ಕೆರೆದು ತೆಗೆಯಬಹುದು. ಊದಿದ ಟೈರನ್ನು ಬಿಚ್ಚಿ ಎಸೆಯಬೇಕು. ವೇಗದಲ್ಲಿ ಟೈರ್ ಬಿಸಿಯಾಗುತ್ತದೆ. ಗಾಳಿ ಕಡಿಮೆ ಇದ್ದರೆ, ಜನ ಹೆಚ್ಚಿದ್ದರೆ ಇನ್ನೂ ಬಿಸಿ. ಊದಿದ ಜಾಗ ಆಗ ಸಿಡಿಯುತ್ತದೆ.

"ಹೊಸ ಟೈರ್ ಅಂತ ಕೊಟ್ಟಿದ್ದ. ಎರಡು ವರ್ಷ ಆಯ್ತು ಅಷ್ಟೆ. ಗೆರೆ ಎಲ್ಲಾ ಚೆನ್ನಾಗುಂಟಲ್ಲ," ಅಂದರು ಭಾವ.

ಅಕ್ಕ ಅಷ್ಟರಲ್ಲಿ ಟೈರ್ ಪಕ್ಕದ ಬರಹ ಓದುತ್ತಿದ್ದರು. ಅವರಿಗೆ ಇಂಗ್ಲಿಷ್ ಅಕ್ಷರ ಬಾರದು. ಅಂಕಿ ಬರುತ್ತದೆ. ಬೆರಳಿಟ್ಟು ಒಂದೊಂದಾಗಿ ಓದಿದರು. "ಎರಡು, ಮೂರು, ಒಂದು, ಎರಡು."

2312. ಮೊಟ್ಟೆ ಆಕಾರದ ಗೆರೆಯೊಳಗೆ ಈ ನಾಲ್ಕು ಅಂಕಿ ಇತ್ತು.

ಇದೇ ಟೈರಿನ ಜಾತಕ. ಮೊದಲ ಎರಡು ಅಂಕಿ ವಾರ. ಕೊನೆಯ ಎರಡು ಅಂಕಿ ವರ್ಷ. 2312 ಅಂದರೆ 2012ನೇ ಇಸವಿಯ 23ನೇ ವಾರ. ಅಂದರೆ ಜೂನ್ ತಿಂಗಳು. ಆ ಟೈರಿಗೆ 11 ವರ್ಷ ಆಗಿತ್ತು! ಅಂಗಡಿಯವನು ಒಂಬತ್ತು ವರ್ಷ ಹಳೇ ಟೈರನ್ನು ಹೊಸದು ಅಂತ ಮಾರಿದ್ದ. ಭಾವ ಓದು ಬಲ್ಲವರು. ಆದರೂ ಅದನ್ನು ಓದಿರಲಿಲ್ಲ.

ರಬ್ಬರಿಗೂ ವಯಸ್ಸಾಗುತ್ತದೆ. ಓಡಿಸದೆ ಇಟ್ಟರೂ ಆಗುತ್ತದೆ. ಐದು ವರ್ಷ ಆದ ಮೇಲೆ ಪ್ರತಿ ವರ್ಷ ತೋರಿಸಬೇಕು. ಗೆರೆ ಚೆನ್ನಾಗಿದ್ದರೂ ಹತ್ತು ವರ್ಷ ದಾಟಿಸಬಾರದು. ಕೆಲವು ಟೈರ್‌ಗಳಲ್ಲಿ ಈ ನಾಲ್ಕು ಅಂಕಿ ಒಳಬದಿಯಲ್ಲಿ ಇರುತ್ತದೆ. ಬಗ್ಗಿ ಹುಡುಕಬೇಕು. ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ದಿಣ್ಣೆ ಇರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ಟೈರ್ ಸವೆದು ಆ ದಿಣ್ಣೆಗೆ ಸಮ ಆಯಿತೋ, ಟೈರ್ ಮುಗಿಯಿತು. ನಮ್ಮ ಕಕ್ಕಡ ಮಳೆಗೆ ಅಂಥ ಟೈರ್ ಜಾರುತ್ತದೆ.

ಭಾವ ಸ್ಟೆಪ್ನಿ ತೆಗೆದರು. ಈ ಸ್ಟೆಪ್ನಿ ಅನ್ನೋ ಮಾತು ಎಲ್ಲಿಂದ ಬಂತು ಗೊತ್ತಾ? ಇಂಗ್ಲೆಂಡಿನ ಪಕ್ಕದ ವೇಲ್ಸ್ ನಾಡಿನಲ್ಲಿ ಸ್ಟೆಪ್ನಿ ಅನ್ನುವ ಬೀದಿ ಇದೆ. ಅಲ್ಲಿ 1904ರಲ್ಲಿ ಹೆಚ್ಚುವರಿ ಚಕ್ರ ಮಾಡಿ ಮಾರಲು ಶುರು ಮಾಡಿದರು. ಬೀದಿಯ ಹೆಸರೇ ಚಕ್ರದ ಹೆಸರಾಯಿತು. ನಮ್ಮ ಸ್ಟೆಪ್ನಿಯಲ್ಲಿ ಗಾಳಿ ಕಡಿಮೆ ಇತ್ತು. ಯಾರೂ ಅದನ್ನು ನೋಡಿಯೇ ಇರಲಿಲ್ಲ. ಅದನ್ನೇ ಹಾಕಿ, 30ರ ವೇಗದಲ್ಲಿ ಪಿರಿಯಾಪಟ್ಟಣ ಮುಟ್ಟಿದೆವು. ಗಾಳಿ ತುಂಬಿಸಿದೆವು. ಹುಣಸೂರು ದಾಟಿ ಮೈಸೂರು ತಲುಪಿದಾಗ ಹನ್ನೊಂದೂವರೆ. ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತು. ಅತ್ತೆ ಏನೂ ಬೈಯಲಿಲ್ಲ.

ಸಂಜೆ ಭಾವ ಟೈರ್ ಅಂಗಡಿಗೆ ಹೋದರು. ನಾನು ಮತ್ತು ಅಕ್ಕನೂ ಹೋದೆವು. ಅಲ್ಲಿ ಇನ್ನೊಂದು ವಿಷಯ ತಿಳಿಯಿತು. ಕಾರು ನಡುಗುತ್ತದೆ ಅಂತ ಭಾವ ಮೊದಲೇ ಎರಡು ಸಲ ಬೇರೆ ಕಡೆ ಅಲೈನ್‌ಮೆಂಟ್ ಮಾಡಿಸಿದ್ದರಂತೆ. ದುಡ್ಡು ದಂಡ. ಅಲೈನ್‌ಮೆಂಟ್ ಅಂದರೆ ಚಕ್ರಗಳನ್ನು ನೇರಕ್ಕೆ ನಿಲ್ಲಿಸುವುದು. ಕಾರು ಒಂದೇ ಬದಿಗೆ ಎಳೆದರೆ, ಟೈರ್ ಒಂದೇ ಅಂಚಿನಲ್ಲಿ ಸವೆದರೆ ಅದು ಬೇಕು. 80ಕ್ಕೆ ನಡುಗಿದರೆ ಬೇಕಾದದ್ದು ಬ್ಯಾಲೆನ್ಸಿಂಗ್. ಚಕ್ರವನ್ನು ಮಿಷನ್ನಿಗೆ ಹಾಕಿ ತಿರುಗಿಸುತ್ತಾರೆ. ಯಾವ ಕಡೆ ಎಷ್ಟು ಗ್ರಾಂ ಕಡಿಮೆ ಅಂತ ಮಿಷನ್ ತೋರಿಸುತ್ತದೆ. ಅಲ್ಲಿ ರಿಮ್ಮಿನ ಅಂಚಿಗೆ ಸಣ್ಣ ತೂಕದ ತುಂಡು ಬಡಿಯುತ್ತಾರೆ. ನಮ್ಮ ಕಾರಿನ ಒಂದು ರಿಮ್ಮಿನಲ್ಲಿ ಆ ತುಂಡು ಬಿದ್ದು ಹೋದ ಗುರುತು ಇತ್ತು.

ಎಲ್ಲಾ ನಡುಕವೂ ಟೈರಿನದಲ್ಲ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ನೋಡಿಸಬೇಕು. ಕಾರು ನಿಂತಿದ್ದಾಗಲೂ ನಡುಗಿದರೆ ಎಂಜಿನ್. ನಿಧಾನವಾಗಿ ಹೋಗುವಾಗಲೂ ಕುಂಟಿದರೆ ರಿಮ್ ಬಗ್ಗಿದೆ, ಅಥವಾ ಟೈರ್ ಊದಿದೆ. ಆಗ ಮುಂದೆ ಹೋಗಲೇಬಾರದು.

ಮೈಸೂರು–ಬೆಂಗಳೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಕಾರುಗಳು ನೂರರ ವೇಗದಲ್ಲಿ ಓಡುತ್ತವೆ. ನಮ್ಮ ಕಡೆಯ ಹಳೇ ಗಾಡಿಗಳೂ ಮದುವೆ, ಆಸ್ಪತ್ರೆ ಅಂತ ಅಲ್ಲಿಗೆ ಹೋಗುತ್ತವೆ. ಭಾವ ಈಗ ದೂರ ಹೊರಡುವ ಹಿಂದಿನ ದಿನ ಅಕ್ಕನನ್ನು ಕರೆಯುತ್ತಾರೆ. "ಅಂಕಿ ಓದು ಬಾ," ಅನ್ನುತ್ತಾರೆ. ಸ್ಟೆಪ್ನಿಯ ಅಂಕಿಯನ್ನೂ ಓದಿಸುತ್ತಾರೆ.

ಓದಿ, ಹೇಳಿ

ಇವು ನಾಲ್ಕು ಟೈರ್‌ಗಳ ಅಂಕಿಗಳು: 0819, 4121, 5216, 1023. ಯಾವ ಟೈರ್ ಎಲ್ಲಕ್ಕಿಂತ ಹಳೆಯದು? ಯಾವುದು ಎಲ್ಲಕ್ಕಿಂತ ಹೊಸದು? 4121 ಯಾವ ವರ್ಷದ ಟೈರ್?

ಮಾಡಿ ನೋಡಿ

ನಿಮ್ಮ ಊರಿನಲ್ಲಿ ನಿಂತಿರುವ ಒಂದು ಜೀಪು ಅಥವಾ ಕಾರಿನ ಹತ್ತಿರ ಹೋಗಿ. ಒಡೆಯರನ್ನು ಕೇಳಿ. ಐದೂ ಟೈರ್‌ಗಳ ಅಂಕಿ ಓದಿ ಪುಸ್ತಕದಲ್ಲಿ ಬರೆದುಕೊಳ್ಳಿ. ನಾಳಿನ ತರಗತಿಗೆ ತನ್ನಿ.