ಕುದುರೆ ಗೆದ್ದ ಹಣಕ್ಕೆ ಬಂದ ಆಟಗಾರ

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಹಾಕಿ ಆಡಿದವರಿಗೂ ಐಸ್ ಹಾಕಿ ಹೊಸದೇ. ಹರಿಹರದ ಹೊಳೆ ಬೇಸಿಗೆಯಲ್ಲಿ ಸೊರಗಿದ್ದನ್ನು ಕಂಡಿದ್ದೇವೆ, ಹೆಪ್ಪುಗಟ್ಟಿದ್ದನ್ನು ಯಾರೂ ಕಂಡಿಲ್ಲ. ಕೆನಡಾದಲ್ಲಿ ಚಳಿಗಾಲ ಬಂತೆಂದರೆ ಕೆರೆಯೇ ಮೈದಾನ. ನಮ್ಮ ಹಾಕಿಯಲ್ಲಿ ತಂಡಕ್ಕೆ 11 ಜನ, ಅಲ್ಲಿ ಗೋಲ್‌ಕೀಪರ್ ಸೇರಿ 6. ಚೆಂಡಿಲ್ಲ, 3 ಇಂಚು ಅಗಲ, 1 ಇಂಚು ದಪ್ಪದ ರಬ್ಬರ್ ಬಿಲ್ಲೆ. ಅದಕ್ಕೆ ಪಕ್ ಅನ್ನುತ್ತಾರೆ.

ಈ ಆಟದಿಂದ ಕುದುರೆ ಲಾಯಕ್ಕೆ ಹೋದವರು ಟೊರೊಂಟೊದ ಕಾನ್ ಸ್ಮೈತ್. ಹುಟ್ಟಿದ್ದು 1895ರಲ್ಲಿ. 1915ರಲ್ಲಿ ಅವರ ನಾಯಕತ್ವದ ವಿಶ್ವವಿದ್ಯಾಲಯ ತಂಡ ಒಂಟಾರಿಯೊದ ಜೂನಿಯರ್ ಚಾಂಪಿಯನ್ ಆಯಿತು. ಅಲ್ಲಿಂದ ಮೊದಲ ಮಹಾಯುದ್ಧ, ವಿಮಾನಪಡೆ, ಜರ್ಮನರ ಸೆರೆ. ಮರಳಿ ಬಂದವರು ಮರಳು-ಜಲ್ಲಿ ವ್ಯಾಪಾರ ಹಿಡಿದರು. ಆ ವ್ಯಾಪಾರ ಏನೆಂದು ಹರಿಹರದವರಿಗೆ ಬಿಡಿಸಿ ಹೇಳಬೇಕಿಲ್ಲ. 1927ರಲ್ಲಿ ಜೊತೆಗಾರರೊಂದಿಗೆ ಟೊರೊಂಟೊ ತಂಡವನ್ನೇ ಕೊಂಡು ಮೇಪಲ್ ಲೀಫ್ಸ್ ಎಂದು ಹೆಸರಿಟ್ಟರು.

ಹಾಕಿಯ ಜೊತೆಗೆ ಸ್ಮೈತ್ ರೇಸ್ ಕುದುರೆಗಳ ಮಾಲೀಕರೂ ಆದರು. ಇಲ್ಲೊಂದು ವಿಷಯ ಗಮನಿಸಿ. ರೇಸ್ ಕುದುರೆಯ ಮಾಲೀಕ ಎಂದರೆ ಸವಾರನಲ್ಲ. ಓಡಿಸುವವನು ಜಾಕಿ, ಪಳಗಿಸುವವನು ಟ್ರೇನರ್. ಮೇವು, ಲಾಯ, ಲಾಳ, ಡಾಕ್ಟರು, ಎಲ್ಲ ಖರ್ಚು ಮಾಲೀಕನ ತಲೆಗೆ. ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲೂ ಹೀಗೆಯೇ. ಬಹಳ ಜನ ಕೈ ಸುಟ್ಟುಕೊಳ್ಳುವುದೂ ಇಲ್ಲೇ.

ಸ್ಮೈತ್ 250 ಡಾಲರ್‌ಗೆ ಕೊಂಡ ರೇರ್ ಜ್ಯುವೆಲ್ ಎಂಬ ಹೆಣ್ಣುಕುದುರೆಯನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. 1930ರ ಸೆಪ್ಟೆಂಬರ್‌ನಲ್ಲಿ ಟೊರೊಂಟೊದ ವುಡ್‌ಬೈನ್‌ನಲ್ಲಿ ಅದು ಗೆದ್ದೇಬಿಟ್ಟಿತು. ಅದರ ಮೇಲೆ 2 ಡಾಲರ್ ಕಟ್ಟಿದವರಿಗೆ 200ಕ್ಕೂ ಮೇಲೆ ಸಿಕ್ಕಿತು. ಸ್ಮೈತ್ ತಾವೂ ಜೋರಾಗಿ ಕಟ್ಟಿದ್ದರು; ಬಾಜಿ, ಬಹುಮಾನ ಸೇರಿ 10,000 ಡಾಲರ್ ದಾಟಿತು.

ಆ ಹೊತ್ತಿಗೆ ಒಟ್ಟಾವಾ ತಂಡ ಕಿಂಗ್ ಕ್ಲ್ಯಾನ್ಸಿ ಎಂಬ ಡಿಫೆಂಡರ್‌ನನ್ನು ಮಾರಾಟಕ್ಕಿಟ್ಟಿತ್ತು. ಕೇಳಿದ್ದು 35,000 ಡಾಲರ್, ಮೇಲೆ ಇಬ್ಬರು ಆಟಗಾರರು. ಅಷ್ಟು ದುಡ್ಡು ಬಿಚ್ಚಲು ಲೀಫ್ಸ್‌ನ ನಿರ್ದೇಶಕರು ತಯಾರಿರಲಿಲ್ಲ. ಕಡಿಮೆ ಬಿದ್ದದ್ದನ್ನು ಕುದುರೆ ತುಂಬಿಸಿಕೊಟ್ಟಿತು. 1932ರಲ್ಲಿ ಲೀಫ್ಸ್ ಐಸ್ ಹಾಕಿಯ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಾಗ ಕ್ಲ್ಯಾನ್ಸಿ ತಂಡದಲ್ಲಿದ್ದ. ಜೂಜಿನಲ್ಲಿ ಬಂದದ್ದನ್ನು ಮತ್ತೆ ಜೂಜಿಗೆ ಸುರಿಯದೆ ಆಟಗಾರನಿಗೆ ಹಾಕಿದರಲ್ಲ, ನನಗೆ ಹಿಡಿಸುವ ಜಾಣತನ ಅದು.

ಮುಂದೆ ಕ್ಯಾಲೆಡನ್‌ನಲ್ಲಿ ಕುದುರೆ ಸಾಕಿದರು. ಕೆನಡಾದ ಹೆಸರಾಂತ ಕ್ವೀನ್ಸ್ ಪ್ಲೇಟ್ ರೇಸನ್ನು 1958ರಲ್ಲಿ ಅವರ ಕ್ಯಾಲೆಡನ್ ಬೋ, 1967ರಲ್ಲಿ ಜ್ಯಾಮ್ಡ್ ಲವ್ಲಿ ಗೆದ್ದವು. ಹಾಕಿಯವರು 1958ರಲ್ಲೇ ಅವರನ್ನು ತಮ್ಮ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಕುದುರೆ ರೇಸಿನವರು 1977ರವರೆಗೆ ಕಾಯಿಸಿದರು.