ವಿದ್ಯುತ್ ಕಾರಿನ ಓಟವೂ ಬೆಲೆಯೂ

ಸದಾಶಿವಗಡದ ಗುಡ್ಡವನ್ನೇರಿ ನಿಂತರೆ ಕಾಳೀನದಿಯು ಕಡಲನ್ನು ಸೇರುವ ಎಡೆಯೂ ಕಾರವಾರಕ್ಕೆ ಹೋಗುವ ಸೇತುವೆಯೂ ಒಟ್ಟಿಗೆ ಕಾಣುವುವು. ಇಲ್ಲಿಗೆ ಬರುವ ಮೊದಲು ಆ ನೀರು ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಎಂಬ ನಾಲ್ಕು ಕಡೆಗಳಲ್ಲಿ ಯಂತ್ರಗಳನ್ನು ತಿರುಗಿಸಿ ವಿದ್ಯುತ್ತನ್ನು ಕೊಟ್ಟು ಬಂದಿರುವುದು. ಅದೇ ಕಣಿವೆಯ ಕೈಗಾದಲ್ಲಿ ತಲಾ ೨೨೦ ಮೆಗಾವಾಟ್ ಸಾಮರ್ಥ್ಯದ ನಾಲ್ಕು ಪರಮಾಣು ಘಟಕಗಳಿವೆ. ಹೀಗೆ ವಿದ್ಯುತ್ತಿನ ತವರಾದ ಈ ಸೀಮೆಯಲ್ಲಿಯೂ ಸೇತುವೆಯ ಮೇಲೆ ಓಡುವ ಕಾರುಗಳು ಬಹುಮಟ್ಟಿಗೆ ದೂರದೇಶಗಳಿಂದ ಬಂದ ಎಣ್ಣೆಯನ್ನೇ ಉರಿಸುತ್ತಿವೆ. ವಿದ್ಯುತ್ ಕಾರನ್ನು ಏಕೆ ಕೊಳ್ಳಬಾರದೆಂದು ಕೇಳಿದರೆ ಜನರು ಎರಡು ಸಂದೇಹಗಳನ್ನು ಮುಂದಿಡುವರು: "ಒಮ್ಮೆ ಚಾರ್ಜು ಮಾಡಿದರೆ ಎಷ್ಟು ದೂರ ಹೋದೀತು?" "ಅಷ್ಟು ಹಣ ಕೊಟ್ಟರೆ ಕಟ್ಟುಬಂದೀತೇ?" ಇವು ಬೇರೆ ಬೇರೆ ಪ್ರಶ್ನೆಗಳಂತೆ ತೋರಿದರೂ ಮೂಲದಲ್ಲಿ ಒಂದೇ ಎಂಬುದನ್ನು ಸ್ವಲ್ಪ ಲೆಕ್ಕದ ಸಹಾಯದಿಂದ ನೋಡೋಣ.

ಎಣ್ಣೆಯೂ ಬ್ಯಾಟರಿಯೂ

ಮನೆಯ ಕರೆಂಟು ಬಿಲ್ಲಿನಲ್ಲಿ ಬರುವ 'ಯೂನಿಟ್ಟು' ಎಲ್ಲರಿಗೂ ಪರಿಚಿತವೇ. ಸಾವಿರ ವಾಟಿನ ಒಲೆಯು ಒಂದು ಗಂಟೆಯ ಕಾಲ ಉರಿದರೆ ಒಂದು ಯೂನಿಟ್ಟು ಖರ್ಚಾಗುವುದು; ಇದು ೩೬ ಲಕ್ಷ ಜೌಲುಗಳಿಗೆ ಸಮ. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು ಒಂಬತ್ತು ಯೂನಿಟ್ಟು; ಅದರ ತೂಕ ಮುಕ್ಕಾಲು ಕಿಲೋಗ್ರಾಂ. ಅಷ್ಟೇ ಶಕ್ತಿಯನ್ನು ಹಿಡಿದಿಡಲು ಇಂದಿನ ಲಿಥಿಯಂ ಬ್ಯಾಟರಿಗೆ ಸುಮಾರು ೭೫ ಕಿಲೋಗ್ರಾಂ ತೂಕ ಬೇಕು. ಶೇಖರಣೆಯಲ್ಲಿ ಬ್ಯಾಟರಿಯು ಪೆಟ್ರೋಲಿಗೆ ಸರಿಗಟ್ಟಲಾರದು.

ಆದರೆ ಬಳಕೆಯಲ್ಲಿ ಮಾತು ತಿರುಗುಮುರುಗಾಗುವುದು. ಪೆಟ್ರೋಲ್ ಎಂಜಿನ್ನು ತನಗೆ ಕೊಟ್ಟ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನು ಮಾತ್ರ ಗಾಲಿಗೆ ಮುಟ್ಟಿಸುವುದು. ಉಳಿದುದು ರೇಡಿಯೇಟರಿನ ಮೂಲಕವೂ ಹೊಗೆಯ ಕೊಳವೆಯ ಮೂಲಕವೂ ಶಾಖವಾಗಿ ಹೋಗುವುದು. ವಿದ್ಯುತ್ ಕಾರಿನಲ್ಲಾದರೋ ಬ್ಯಾಟರಿಯಿಂದ ಹೊರಟ ಶಕ್ತಿಯಲ್ಲಿ ನೂರಕ್ಕೆ ಎಂಬತ್ತೈದರಷ್ಟು ಗಾಲಿಗೆ ತಲುಪುವುದು. ಆದುದರಿಂದಲೇ ಅಷ್ಟು ಭಾರವಾದ ಬ್ಯಾಟರಿಯನ್ನು ಹೊತ್ತೂ ಈ ಕಾರು ಓಡಬಲ್ಲುದು.

ಈ ವಿಷಯದಲ್ಲಿ ಕನ್ನಡನಾಡಿಗೆ ಹಳೆಯ ಅನುಭವವುಂಟು. ೨೦೦೧ರಲ್ಲಿ ಬೆಂಗಳೂರಿನಲ್ಲಿ 'ರೇವಾ' ಎಂಬ ಪುಟ್ಟ ವಿದ್ಯುತ್ ಕಾರು ಮಾರಾಟಕ್ಕೆ ಬಂದಿತು. ಅದರಲ್ಲಿದ್ದುದು ಆರಾರು ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು. ಒಟ್ಟು ಶಕ್ತಿ ೯.೬ ಯೂನಿಟ್ಟು, ಓಟ ಸುಮಾರು ೮೦ ಕಿಲೋಮೀಟರು. ಸೀಸದ ಬ್ಯಾಟರಿಯು ಕಿಲೋಗ್ರಾಮಿಗೆ ಸುಮಾರು ೩೫ ವಾಟ್-ಗಂಟೆಯನ್ನು ಮಾತ್ರ ಹಿಡಿಯುವುದರಿಂದ, ಆ ಸಣ್ಣ ಕಾರು ಕಾಲು ಟನ್ನಿಗೂ ಮಿಕ್ಕ ಸೀಸವನ್ನು ಹೊರಬೇಕಾಗಿತ್ತು. ವೇಗವಾಗಿ ಶಕ್ತಿಯನ್ನು ಸೆಳೆದಷ್ಟೂ ಸೀಸದ ಬ್ಯಾಟರಿಯು ಕೊಡುವ ಮೊತ್ತ ಕಡಿಮೆಯಾಗುವುದೆಂಬ ದೋಷವೂ ಇದ್ದಿತು. ಇಂದು ೨೪ ಯೂನಿಟ್ಟಿನ ಲಿಥಿಯಂ ಬ್ಯಾಟರಿಯನ್ನು, ಪೆಟ್ಟಿಗೆಯೂ ಸೇರಿದಂತೆ, ಸುಮಾರು ೨೦೦ ಕಿಲೋಗ್ರಾಮಿನಲ್ಲಿ ಕಟ್ಟಬಹುದು. ಹೊರೆ ಇಳಿಯಿತು, ಶಕ್ತಿ ಎರಡೂವರೆಪಟ್ಟಾಯಿತು.

ಹುಬ್ಬಳ್ಳಿಗೊಂದು ಪ್ರಯಾಣ

ಈಗ ೨೪ ಯೂನಿಟ್ಟಿನ ಒಂದು ಸಾಧಾರಣ ಕಾರು ಸದಾಶಿವಗಡದಿಂದ ಅಂಕೋಲೆ, ಅರಬೈಲು ಘಟ್ಟ, ಯಲ್ಲಾಪುರಗಳ ಮಾರ್ಗವಾಗಿ ಹುಬ್ಬಳ್ಳಿಗೆ ಹೊರಟಿತೆಂದು ಭಾವಿಸೋಣ. ದೂರ ಸುಮಾರು ೧೭೦ ಕಿಲೋಮೀಟರು. ಜನರೂ ಸಾಮಾನೂ ಸೇರಿ ಕಾರಿನ ತೂಕ ೧೫೦೦ ಕಿಲೋಗ್ರಾಂ ಇರಲಿ. ದಾರಿಯಲ್ಲಿ ಶಕ್ತಿಯನ್ನು ಬೇಡುವವರು ನಾಲ್ವರು.

ಮೊದಲನೆಯದು ಟೈರಿನ ಘರ್ಷಣೆ. ಇದರ ಬಲ ಸುಮಾರು ೧೫೦ ನ್ಯೂಟನ್, ಎಂದರೆ ೧೫ ಕಿಲೋಗ್ರಾಂ ತೂಕವನ್ನು ಎತ್ತಿಹಿಡಿಯುವಷ್ಟು. ವೇಗ ಬದಲಾದರೂ ಇದು ಹೆಚ್ಚು ಬದಲಾಗದು. ಎರಡನೆಯದು ಗಾಳಿಯ ಪ್ರತಿರೋಧ. ಇದು ವೇಗದ ವರ್ಗಕ್ಕೆ ಅನುಸಾರವಾಗಿ ಬೆಳೆಯುವುದು: ಗಂಟೆಗೆ ೬೦ ಕಿಲೋಮೀಟರಿನಲ್ಲಿ ೧೩೦ ನ್ಯೂಟನ್ ಇದ್ದರೆ ೮೦ರಲ್ಲಿ ೨೩೦ ನ್ಯೂಟನ್. ಮೂರನೆಯದು ಘಟ್ಟದ ಏರು. ಹುಬ್ಬಳ್ಳಿಯು ಸಮುದ್ರಮಟ್ಟದಿಂದ ಸುಮಾರು ೬೫೦ ಮೀಟರ್ ಎತ್ತರದಲ್ಲಿದೆ. ನಾಲ್ಕನೆಯದು ಕರಾವಳಿಯ ಸೆಕೆಗೆ ಬೇಕಾದ ಏರ್‌ಕಂಡೀಷನರು. ಗಂಟೆಗೆ ಒಂದು ಯೂನಿಟ್ಟೆಂದು ಎಣಿಸೋಣ.

ಬಲವನ್ನು ದೂರದಿಂದ ಗುಣಿಸಿದರೆ ಶಕ್ತಿ ಬರುವುದು. ೬೦ರ ವೇಗದಲ್ಲಿ ಹೋದರೆ ಟೈರಿಗೂ ಗಾಳಿಗೂ ಸೇರಿ ಬ್ಯಾಟರಿಯಿಂದ ಹದಿನೈದೂವರೆ ಯೂನಿಟ್ಟು, ಏರಿಗೆ ಮೂರು, ತಂಪಿಗೆ ಮೂರು, ಒಟ್ಟು ಇಪ್ಪತ್ತೊಂದೂವರೆ. ಎರಡೂವರೆ ಯೂನಿಟ್ಟು ಮಿಕ್ಕಿರುವಾಗ ಕಾರು ಹುಬ್ಬಳ್ಳಿಯನ್ನು ಮುಟ್ಟುವುದು. ೮೦ರ ವೇಗದಲ್ಲಿ ಹೋದರೆ ಟೈರು-ಗಾಳಿಗಳಿಗೆ ಇಪ್ಪತ್ತೊಂದು, ಏರಿಗೆ ಮೂರು, ತಂಪಿಗೆ ಎರಡು, ಒಟ್ಟು ಇಪ್ಪತ್ತಾರು. ಕಾರು ನಡುದಾರಿಯಲ್ಲಿಯೇ ನಿಲ್ಲುವುದು!

ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಜನರು ಹೆದರುವುದು ಘಟ್ಟಕ್ಕೆ. ಆದರೆ ಘಟ್ಟವು ಕೇಳುವುದು ಮೂರೇ ಯೂನಿಟ್ಟು. ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಅವಸರವು ಅದಕ್ಕಿಂತ ಹೆಚ್ಚನ್ನು ನುಂಗುವುದು. ಅಲ್ಲದೆ, ಘಟ್ಟವು ತೆಗೆದುಕೊಂಡುದನ್ನು ಹಿಂತಿರುಗುವಾಗ ಸ್ವಲ್ಪಮಟ್ಟಿಗೆ ಮರಳಿ ಕೊಡುವುದು. ೧೮೩೧ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಪ್ರೇರಣೆಯ ನಿಯಮದಂತೆ, ಹೊರಗಿನ ಬಲದಿಂದ ತಿರುಗಿಸಿದ ಮೋಟಾರು ಡೈನಮೋ ಆಗಿ ಕೆಲಸಮಾಡುವುದು. ಇಳಿಜಾರಿನಲ್ಲಿ ಗಾಲಿಗಳೇ ಮೋಟಾರನ್ನು ತಿರುಗಿಸಿ ಬ್ಯಾಟರಿಯನ್ನು ತುಂಬಿಸುವುವು. ಪೆಟ್ರೋಲ್ ಕಾರಿನಲ್ಲಿ ಇದೇ ಶಕ್ತಿಯು ಬ್ರೇಕುಗಳನ್ನು ಬಿಸಿಮಾಡಿ ವ್ಯರ್ಥವಾಗುವುದು. ಹೀಗಾಗಿ ಮರಳುವ ಪ್ರಯಾಣಕ್ಕೆ ೬೦ರ ವೇಗದಲ್ಲಿ ಸುಮಾರು ಹದಿನೇಳು ಯೂನಿಟ್ಟು ಸಾಕು. ಗಾಳಿಯು ಕಸಿದುಕೊಂಡ ಶಕ್ತಿಯಾದರೋ ಎಂದಿಗೂ ಹಿಂತಿರುಗಿ ಬಾರದು.

ಬೆಲೆ ಇಳಿಯುವ ಬಗೆ

ಬ್ಯಾಟರಿಯೇ ವಿದ್ಯುತ್ ಕಾರಿನ ಅತ್ಯಂತ ದುಬಾರಿಯಾದ ಅಂಗ. ಬ್ಲೂಂಬರ್ಗ್ ಎನ್‌ಇಎಫ್ ಸಂಸ್ಥೆಯ ಸಮೀಕ್ಷೆಯಂತೆ ಒಂದು ಯೂನಿಟ್ಟನ್ನು ಹಿಡಿಯುವ ಲಿಥಿಯಂ ಬ್ಯಾಟರಿಯ ಜಾಗತಿಕ ಸರಾಸರಿ ಬೆಲೆ ೨೦೧೦ರಲ್ಲಿ ಸಾವಿರ ಡಾಲರಿಗೂ ಮೇಲಿದ್ದುದು ೨೦೨೪ರಲ್ಲಿ ೧೧೫ ಡಾಲರಿಗೆ ಇಳಿಯಿತು. ನಮ್ಮ ದೇಶದಲ್ಲಿ ೨೦೧೯ರ ಆಗಸ್ಟಿನಲ್ಲಿ ವಿದ್ಯುತ್ ವಾಹನಗಳ ಜಿ.ಎಸ್.ಟಿ. ನೂರಕ್ಕೆ ಹನ್ನೆರಡರಿಂದ ಐದಕ್ಕೆ ಇಳಿದುದೂ ನೆರವಾಯಿತು.

ಆದರೆ ಬೆಲೆ ತಗ್ಗಿಸಲು ಮತ್ತೊಂದು ದಾರಿಯೂ ಉಂಟು. ೨೦೨೦ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಬ್ಯಾಟರಿ ೩೦.೨ ಯೂನಿಟ್ಟು, ಪರೀಕ್ಷೆಯಲ್ಲಿ ಅದರ ಓಟ ೩೧೨ ಕಿಲೋಮೀಟರು. ೨೦೨೨ರಲ್ಲಿ ಬಂದ ಟಿಯಾಗೊ ಕಾರಿನ ದೊಡ್ಡ ಬ್ಯಾಟರಿ ೨೪ ಯೂನಿಟ್ಟು. ಓಟ ೩೧೫ ಕಿಲೋಮೀಟರು. ಕಾರು ಸಣ್ಣದು, ಹಗುರ. ಆದುದರಿಂದ ಆರು ಯೂನಿಟ್ಟಿನ ಬ್ಯಾಟರಿಯನ್ನು ಕಡಿಮೆಮಾಡಿಯೂ ಅಷ್ಟೇ ಓಟವನ್ನು ಸಾಧಿಸಲಾಯಿತು. ೧೯.೨ ಯೂನಿಟ್ಟಿನ ಚಿಕ್ಕ ಬ್ಯಾಟರಿಯ ಟಿಯಾಗೊ ೮.೪೯ ಲಕ್ಷ ರೂಪಾಯಿಯ ಆರಂಭದ ಬೆಲೆಗೆ ದೊರೆಯಿತು. ಓಟವನ್ನು ಹೆಚ್ಚಿಸಲು ಬ್ಯಾಟರಿಯನ್ನು ಹಿಗ್ಗಿಸಿದರೆ ಬೆಲೆಯೂ ತೂಕವೂ ಏರುವುವು. ಕಿಲೋಮೀಟರಿನ ಖರ್ಚನ್ನು ಕುಗ್ಗಿಸಿದರೆ ಓಟವು ಏರಿ ಬೆಲೆ ಇಳಿಯುವುದು. ನಾವು ಆರಂಭದಲ್ಲಿ ಎರಡೆಂದು ಕಂಡ ಪ್ರಶ್ನೆಗಳು ಇಲ್ಲಿ ಒಂದಾಗುವುವು.

ಯಾರಿಗೆ ಲಾಭ?

ವಿದ್ಯುತ್ ಕಾರಿಗೆ ಅದೇ ಬಗೆಯ ಪೆಟ್ರೋಲ್ ಕಾರಿಗಿಂತ ಮೂರು ಲಕ್ಷ ರೂಪಾಯಿ ಹೆಚ್ಚು ಬೆಲೆಯೆಂದು ಇಟ್ಟುಕೊಳ್ಳೋಣ. ಚಾರ್ಜು ಮಾಡುವಾಗಿನ ನಷ್ಟವನ್ನೂ ಸೇರಿಸಿದರೆ ಕಿಲೋಮೀಟರಿಗೆ ೦.೧೪ ಯೂನಿಟ್ಟು ಬೇಕು. ಯೂನಿಟ್ಟಿಗೆ ಎಂಟು ರೂಪಾಯಿಯಾದರೆ ಖರ್ಚು ಒಂದು ರೂಪಾಯಿ ಹತ್ತು ಪೈಸೆ. ಲೀಟರಿಗೆ ೧೮ ಕಿಲೋಮೀಟರ್ ಓಡುವ ಕಾರಿಗೆ, ಲೀಟರಿಗೆ ನೂರು ರೂಪಾಯಿಯಂತೆ, ಸುಮಾರು ಐದೂವರೆ ರೂಪಾಯಿ. ಉಳಿತಾಯ ಕಿಲೋಮೀಟರಿಗೆ ನಾಲ್ಕು ರೂಪಾಯಿ ನಲವತ್ತು ಪೈಸೆ. ಆ ಮೂರು ಲಕ್ಷ ಹಿಂತಿರುಗಲು ಸುಮಾರು ೬೮,೦೦೦ ಕಿಲೋಮೀಟರ್ ಓಡಬೇಕು.

ಸದಾಶಿವಗಡದ ಇಬ್ಬರು ನೆರೆಯವರನ್ನು ಕಲ್ಪಿಸಿಕೊಳ್ಳೋಣ. ಇಬ್ಬರಿಗೂ ವರ್ಷಕ್ಕೆ ಮುನ್ನೂರು ದಿನ ಕೆಲಸ. ಒಬ್ಬರು ದಿನವೂ ಅಂಕೋಲೆಗೆ ಹೋಗಿಬರುವವರು; ದಿನಕ್ಕೆ ೮೦ ಕಿಲೋಮೀಟರು. ಅವರ ಹಣ ಮೂರು ವರ್ಷದೊಳಗೆ ಮರಳುವುದು. ಇನ್ನೊಬ್ಬರು ಸೇತುವೆ ದಾಟಿ ಕಾರವಾರಕ್ಕೆ ಹೋಗಿಬರುವವರು. ದಿನಕ್ಕೆ ೧೨ ಕಿಲೋಮೀಟರು. ಅವರು ಹತ್ತೊಂಬತ್ತು ವರ್ಷ ಕಾಯಬೇಕು. ಟಿಯಾಗೊ ಬ್ಯಾಟರಿಗೆ ಕಂಪೆನಿಯು ಕೊಡುವ ಭರವಸೆ ಎಂಟು ವರ್ಷದ್ದು. ಎಂದಮೇಲೆ ಈ ಎರಡನೆಯವರು ಹುಬ್ಬಳ್ಳಿಯವರೆಗಿನ ಓಟಕ್ಕಾಗಿ ಹೆಚ್ಚು ಹಣ ತೆತ್ತು, ದಿನವೂ ಇನ್ನೂರು ಕಿಲೋಗ್ರಾಮಿನ ಹೊರೆಯನ್ನು ಸುಮ್ಮನೆ ಹೊತ್ತು ತಿರುಗಿದಂತಾಗುವುದು. ಅವರಿಗೆ ಸಣ್ಣ ಬ್ಯಾಟರಿಯ ಕಾರೋ ವಿದ್ಯುತ್ ಸ್ಕೂಟರೋ ಹೆಚ್ಚು ಉಚಿತ.

ಸಾಲದ ಬಡ್ಡಿ, ವಿಮೆ, ರಿಪೇರಿಗಳನ್ನು ನಾವು ಈ ಲೆಕ್ಕಕ್ಕೆ ಸೇರಿಸಿಲ್ಲ. ದರಗಳೂ ಕಾಲಕಾಲಕ್ಕೆ ಬದಲಾಗುವುವು. ಆದರೆ ಲೆಕ್ಕದ ಕ್ರಮ ಬದಲಾಗದು. ಮನೆಯ ೧೫ ಆಂಪಿಯರಿನ ಪ್ಲಗ್ಗು ಗಂಟೆಗೆ ಸುಮಾರು ಮೂರು ಯೂನಿಟ್ಟನ್ನು ಕೊಡಬಲ್ಲುದು. ೮೦ ಕಿಲೋಮೀಟರಿನ ದಿನದ ಓಟಕ್ಕೆ ರಾತ್ರಿಯ ನಾಲ್ಕು ಗಂಟೆ ಸಾಕು. ಕಾರನ್ನು ಕೊಳ್ಳಬಯಸುವ ವಾಚಕರು ಅಂಗಡಿಗೆ ಹೋಗುವ ಮುನ್ನ ಒಂದು ತಿಂಗಳ ಕಾಲ ತಮ್ಮ ದಿನದಿನದ ಓಟವನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಎಷ್ಟು ಯೂನಿಟ್ಟಿನ ಬ್ಯಾಟರಿ ಬೇಕು, ಅದಕ್ಕೆ ಎಷ್ಟು ಹಣ ಕೊಡುವುದು ನ್ಯಾಯ ಎಂಬುದನ್ನು ಆ ಪುಸ್ತಕವೇ ಹೇಳುವುದು.