ಸುಗಂಧರಾಜದ ಗಡ್ಡೆ

ಹೊತ್ತು ಮುಳುಗಿದ ಮೇಲೆ ಕಂಪು ಹೆಚ್ಚುವ ಹೂಗಳಲ್ಲಿ ಸುಗಂಧರಾಜವೂ ಒಂದು. ಆದುದರಿಂದಲೇ ಬಂಗಾಳಿಗಳು ಇದನ್ನು ರಜನಿಗಂಧವೆಂದೂ ಮರಾಠಿಗರು ನಿಶಿಗಂಧವೆಂದೂ ಕರೆಯುತ್ತಾರೆ. ಇದರ ತವರು ಮೆಕ್ಸಿಕೋ ದೇಶ. ಅಲ್ಲಿನ ಅಜ್ಟೆಕ್ ಜನರು ಇದಕ್ಕೆ ಇಟ್ಟ ಹೆಸರಿನ ಅರ್ಥ ‘ಎಲುಬಿನ ಹೂವು’. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಇದನ್ನು ಯುರೋಪಿಗೆ ಒಯ್ದರು. ಮುಂದೆ ಇದು ಭಾರತಕ್ಕೂ ಬಂದಿತು.

ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಎಸಳುಗಳ ಒಂದೇ ಸುತ್ತುಳ್ಳದ್ದು ಒಂಟಿ. ಅನೇಕ ಸುತ್ತುಗಳುಳ್ಳದ್ದು ಜೋಡಿ. ಜೋಡಿ ಹೂವು ಹೂದಾನಿಯಲ್ಲಿ ಶೋಭಿಸುತ್ತದೆ. ಮಾಲೆಗೂ ಸುಗಂಧದ್ರವ್ಯಕ್ಕೂ ಬೇಕಾದುದು ಹೆಚ್ಚು ಕಂಪುಳ್ಳ ಒಂಟಿ ಹೂವು. ‘ಮೆಕ್ಸಿಕನ್ ಸಿಂಗಲ್’ ಎಂಬುದು ಈ ಬಗೆಯ ಹಳೆಯ ತಳಿ.

ಇಂತಹ ತಳಿಯು ಉಳಿದು ಬಂದ ರೀತಿ ವಿಚಾರಾರ್ಹವಾದುದು. ಬೀಜದಿಂದ ಹುಟ್ಟಿದ ಸಸಿಯು ತಾಯಿಯಂತೆಯೇ ಇರಬೇಕೆಂಬ ನಿಯಮವಿಲ್ಲ. ಗಡ್ಡೆಯಿಂದ ಬೆಳೆದ ಗಿಡವಾದರೋ ತಾಯಿಯ ಪ್ರತಿರೂಪ. ಒಮ್ಮೆ ಹೂಬಿಟ್ಟ ಗಡ್ಡೆ ಮತ್ತೆ ಹೂಬಿಡುವುದಿಲ್ಲ. ಅದರ ಪಕ್ಕದಲ್ಲಿ ಮೂಡಿದ ಮರಿಗಡ್ಡೆಗಳೇ ವಂಶವನ್ನು ಮುಂದುವರಿಸುತ್ತವೆ. ಅವುಗಳನ್ನು ಬಿಡಿಸಿ ನೆಡುವ ಕೈಗಳಿಲ್ಲದಿದ್ದರೆ ತಳಿ ಕ್ರಮೇಣ ಅಳಿಯುತ್ತದೆ. ಪ್ಯಾರಿಸಿನ ಲೆಮೋನ್ ಎಂಬ ತೋಟಗಾರನು 1844ರಲ್ಲಿ ಹೊರತಂದ ‘ಮದಾಮ್ ಶೆರೋ’ ಎಂಬ ಐರಿಸ್ ಹೂವು ಇಂದಿಗೂ ಅರಳುತ್ತಿರುವುದು, ತೋಟಗಾರರು ತಲೆತಲಾಂತರದಿಂದ ಅದರ ಗಡ್ಡೆಗಳನ್ನು ಬಿಡಿಸಿ ನೆಡುತ್ತ ಬಂದುದರಿಂದಲೇ.

ಬೆಳಗಾವಿ ಜಿಲ್ಲೆಯ ಯರಗಟ್ಟಿ, ಸವದತ್ತಿಗಳ ಸೀಮೆಯಲ್ಲಿ ಎರೆಭೂಮಿ ವಿಶೇಷವಾಗಿದೆ. ಎರೆಮಣ್ಣು ಮಳೆಯ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ನಿಂತ ನೀರಿನಲ್ಲಿ ಗಡ್ಡೆ ಕೊಳೆಯುತ್ತದೆ. ಆದುದರಿಂದ ಇಂತಹ ನೆಲದಲ್ಲಿ ಏರುಮಡಿಗಳನ್ನು ಮಾಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಬೇಕು. ಅಗೆದ ಗಡ್ಡೆಗಳನ್ನು ಸುಮಾರು ಒಂದು ತಿಂಗಳು ನೆರಳಿನಲ್ಲಿ ಇರಿಸಿ, ಮಾರ್ಚ್-ಏಪ್ರಿಲ್ ತಿಂಗಳುಗಳಲ್ಲಿ ನೆಡುವುದು ಲೇಸು. 2ರಿಂದ 3 ಸೆಂಟಿಮೀಟರ್ ದಪ್ಪದ ಗಡ್ಡೆಗಳನ್ನು ಆರಿಸಿ, ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಡ್ಡೆಯಿಂದ ಗಡ್ಡೆಗೆ 20 ಸೆಂಟಿಮೀಟರ್ ಅಂತರ ಬಿಡಬೇಕು. ನೆಟ್ಟೊಡನೆ ಒಮ್ಮೆ ನೀರು ಕೊಟ್ಟು, ಮೊಳಕೆ ಕಾಣುವವರೆಗೆ ಮಿತವಾಗಿ ಉಣಿಸಬೇಕು. ಮೂರು-ನಾಲ್ಕು ತಿಂಗಳಲ್ಲಿ ಹೂದಂಟು ಹೊರಡುತ್ತದೆ. ಮಾಲೆಯ ಹೂಗಳನ್ನು ನಸುಕಿನಲ್ಲಿಯೇ ಬಿಡಿಸುವುದು ವಾಡಿಕೆ.

ಮೂರು ವರ್ಷ ಕಳೆಯುವಷ್ಟರಲ್ಲಿ ಗಡ್ಡೆಗಳು ಒತ್ತೊತ್ತಾಗಿ ಹೂವು ಕುಗ್ಗುತ್ತದೆ. ಎಲೆ ಹಳದಿಯಾದಾಗ ಅವನ್ನು ಅಗೆದು, ದಪ್ಪವಾದುವನ್ನು ನೆಡಲು ಪ್ರತ್ಯೇಕಿಸಬೇಕು. ಬೇರುಗಳಲ್ಲಿ ಗಂಟುಗಳಿದ್ದರೆ ಜಂತುಹುಳು ತಗುಲಿದೆಯೆಂದು ತಿಳಿಯಬೇಕು. ಅಂತಹ ಗಡ್ಡೆಯನ್ನು ಯಾರಿಗೂ ಕೊಡಬಾರದು. ಗಡ್ಡೆಯೊಡನೆ ರೋಗವೂ ನೆರೆಯ ಹೊಲಕ್ಕೆ ಹೋಗುತ್ತದೆ.

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಒಂಟಿ ಮತ್ತು ಜೋಡಿ ಬಗೆಗಳನ್ನು ಸಂಕರಿಸಿ ‘ಶೃಂಗಾರ್’ ತಳಿಯನ್ನು ಪಡೆಯಿತು. ಅದು ಜಂತುಹುಳುವಿನ ಬಾಧೆಯನ್ನು ಸಹಿಸಬಲ್ಲುದು. ಅದನ್ನು ಮತ್ತೆ ‘ಮೆಕ್ಸಿಕನ್ ಸಿಂಗಲ್’ನೊಡನೆ ಸಂಕರಿಸಿದಾಗ ‘ಪ್ರಜ್ವಲ್’ ಹುಟ್ಟಿತು. ಹಳೆಯ ತಳಿ ಅಳಿದುಹೋಗಿದ್ದರೆ ಈ ಹೊಸ ತಳಿ ಎಲ್ಲಿಂದ ಬರುತ್ತಿತ್ತು?

ಹೊಸದು ಬಂದಿತೆಂದು ಹಳೆಯದನ್ನು ತಿಪ್ಪೆಗೆ ಎಸೆಯುವುದು ಜಾಣತನವಲ್ಲ. ಒಂದೇ ಹಿತ್ತಿಲಲ್ಲಿರುವ ತಳಿ ಒಂದು ಅತಿವೃಷ್ಟಿಗೆ ನಾಶವಾಗಬಹುದು. ನಾಲ್ಕು ಮನೆಗಳಿಗೆ ಹಂಚಿದ್ದರೆ, ಕಳೆದುಕೊಂಡವನು ಮತ್ತೆ ನೆರೆಯವನಿಂದಲೇ ಒಂದು ಹಿಡಿ ಗಡ್ಡೆಯನ್ನು ಪಡೆಯಬಲ್ಲನು.